ಚೀನಾದ ಮದ್ದು, ಪಶ್ಚಿಮದ ಮಾತು

ಮಕ್ಕಳೇ, ಮಾವಿನ ಹಣ್ಣಿನ ಕಾಲದಲ್ಲಿ ನೀವು ಒಂದು ದಿನ ಹಣ್ಣನ್ನು ಸ್ವಲ್ಪ ಹೆಚ್ಚೇ ತಿಂದಿರಿ ಎಂದು ಇಟ್ಟುಕೊಳ್ಳೋಣ. ಮರುದಿನ ಬಾಯಿಯಲ್ಲಿ ಹುಣ್ಣು, ಕಣ್ಣಿನಲ್ಲಿ ಉರಿ. ಅಜ್ಜಿ ನಿಮ್ಮ ಮುಖ ನೋಡಿ, “ಉಷ್ಣ ಆಗಿದೆ ಮಗಾ, ಎರಡು ದಿನ ಮಜ್ಜಿಗೆ ಕುಡಿ, ಬೊಂಡ ಕುಡಿ” ಎನ್ನುತ್ತಾರೆ. ನೀವು ಉಷ್ಣಮಾಪಕವನ್ನು ನಾಲಗೆಯ ಕೆಳಗೆ ಇಟ್ಟು ನೋಡುತ್ತೀರಿ. ಅದು ಎಂದಿನಂತೆ 37 ಡಿಗ್ರಿ ಸೆಲ್ಸಿಯಸ್ ತೋರಿಸುತ್ತದೆ. ಹಾಗಾದರೆ ಅಜ್ಜಿ ಹೇಳಿದ ಉಷ್ಣ ಎಲ್ಲಿದೆ? ಅಜ್ಜಿ ಸುಳ್ಳು ಹೇಳಿದರೇ? ಇಲ್ಲ. ಉಷ್ಣಮಾಪಕ ಕೆಟ್ಟಿದೆಯೇ? ಅದೂ ಇಲ್ಲ. ಅಜ್ಜಿಯ ಉಷ್ಣವೇ ಬೇರೆ, ಉಷ್ಣಮಾಪಕದ ಉಷ್ಣವೇ ಬೇರೆ. ಪದ ಮಾತ್ರ ಒಂದೇ.

ಗಡಿನಾಡಿನಲ್ಲಿ ಬೆಳೆಯುವ ನಿಮಗೆ ಇಂತಹ ಅನುಭವ ಹೊಸದಲ್ಲ. ನಿಮ್ಮಲ್ಲಿ ಹಲವರ ಮನೆಯಲ್ಲಿ ತುಳು ಅಥವಾ ಕೊಂಕಣಿ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. ಆಸ್ಪತ್ರೆಯಲ್ಲಿ ದಾದಿಯೊಬ್ಬರು ಮಲಯಾಳದಲ್ಲಿ “ಪನಿಯುಂಡೋ?” ಎಂದು ಕೇಳಿದರೆ ಅವರು ವಿಚಾರಿಸುವುದು ಜ್ವರವನ್ನು. ಹಳಗನ್ನಡದಲ್ಲಿ ‘ಪನಿ’ ಎಂದರೆ ಹನಿ. ತಮಿಳಿನಲ್ಲಿ ಅದೇ ಪದಕ್ಕೆ ಮಂಜು ಎಂದು ಅರ್ಥ. ಅಕ್ಕಪಕ್ಕದ ಭಾಷೆಗಳಲ್ಲೇ ಹೀಗಿರುವಾಗ, ಸಮುದ್ರದಾಚೆಯ ಎರಡು ದೂರದ ನಾಡುಗಳ ನಡುವೆ ವೈದ್ಯಶಾಸ್ತ್ರದ ಮಾತುಗಳನ್ನು ಸಾಗಿಸುವುದು ಎಷ್ಟು ಕಷ್ಟವಾಗಿರಬೇಕು! ಚೀನಾ ದೇಶದ ಹಳೆಯ ವೈದ್ಯಪದ್ಧತಿ ಯುರೋಪಿನ ಭಾಷೆಗಳಿಗೆ ಹೋದ ಕಥೆ ಅಂತಹದು. ಆ ಕಥೆಯನ್ನು ಈಗ ತಿಳಿಯೋಣ.

ಚೀನಾದ ವೈದ್ಯಪದ್ಧತಿಯ ಮೂಲಗ್ರಂಥದ ಹೆಸರು ‘ಹುವಾಂಗ್‌ದಿ ನೇಯ್‌ಜಿಂಗ್’. ಹುವಾಂಗ್‌ದಿ ಎಂದರೆ ಹಳದಿ ಚಕ್ರವರ್ತಿ. ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಈ ಗ್ರಂಥದಲ್ಲಿ ಚಕ್ರವರ್ತಿಯು ಪ್ರಶ್ನೆ ಕೇಳುತ್ತಾನೆ, ಮಂತ್ರಿ ಉತ್ತರ ಹೇಳುತ್ತಾನೆ. ಅದರಲ್ಲಿ ಬರುವ ಎಷ್ಟೋ ಪದಗಳು ದಿನನಿತ್ಯದ ಬದುಕಿನಿಂದ ಬಂದವು. ‘ಯಿನ್’ ಮತ್ತು ‘ಯಾಂಗ್’ ಎಂಬ ಪದಗಳನ್ನು ನೀವು ಕೇಳಿರಬಹುದು. ಯಿನ್ ಎಂದರೆ ಮೊದಲಿಗೆ ಗುಡ್ಡದ ನೆರಳಿನ ಬದಿ ಎಂದೇ ಅರ್ಥವಿತ್ತು. ಯಾಂಗ್ ಎಂದರೆ ಬಿಸಿಲಿನ ಬದಿ. ಮುಂದೆ ಯಿನ್ ತಂಪಿನ, ಒಳಗಿನ, ಸುಮ್ಮನಿರುವ ಎಲ್ಲದಕ್ಕೂ ಹೆಸರಾಯಿತು. ಯಾಂಗ್ ಬಿಸಿಯ, ಹೊರಗಿನ, ಚಲಿಸುವ ಎಲ್ಲದಕ್ಕೂ. ನಮ್ಮ ಅಜ್ಜಿ ಹೇಳುವ ಉಷ್ಣದಂತಹ ಮಾತು ಚೀನಾದ ಅಜ್ಜಿಯರ ಬಾಯಲ್ಲೂ ಇದೆ. ಕರಿದ ತಿಂಡಿ ತಿಂದು ಬಾಯಿ ಹುಣ್ಣಾದ ಮೊಮ್ಮಗನಿಗೆ ಅವರು ‘ಷಾಂಗ್ ಹುವೋ’ ಆಗಿದೆ ಎನ್ನುತ್ತಾರೆ. ಪದಶಃ ಹೇಳಿದರೆ ‘ಬೆಂಕಿ ಮೇಲೇರಿದೆ’ ಎಂದರ್ಥ. ಇದನ್ನು ನಿಮಗೆ ವಿವರಿಸುವುದು ನನಗೆ ಸುಲಭ. ಇಂಗ್ಲೆಂಡಿನ ಹುಡುಗನಿಗೆ ವಿವರಿಸಬೇಕಾದರೆ ಬಹಳ ಹೊತ್ತು ಬೇಕು.

ಈ ವಿದ್ಯೆಯನ್ನು ಯುರೋಪಿಗೆ ಮೊದಲು ಪರಿಚಯಿಸಿದವರಲ್ಲಿ ವಿಲೆಮ್ ಟೆನ್ ರೈನೆ ಎಂಬ ಡಚ್ ವೈದ್ಯನೂ ಒಬ್ಬ. ಡಚ್ ಈಸ್ಟ್ ಇಂಡಿಯಾ ಕಂಪೆನಿಯು ಅವನನ್ನು 1674ರಲ್ಲಿ ಜಪಾನಿನ ನಾಗಸಾಕಿಗೆ ಕಳುಹಿಸಿತು. ಜಪಾನಿನ ವೈದ್ಯರು ಚೀನಾದಿಂದ ಕಲಿತ ವಿದ್ಯೆಯನ್ನೇ ಬಳಸುತ್ತಿದ್ದರು. ಕೂದಲಿನಂತಹ ಸಣ್ಣ ಸೂಜಿಗಳನ್ನು ಮೈಯ ನಿರ್ದಿಷ್ಟ ಜಾಗಗಳಲ್ಲಿ ಚುಚ್ಚಿ ನೋವು ಶಮನ ಮಾಡುವ ಕ್ರಮವನ್ನು ಅವನು ಅಲ್ಲಿ ಕಂಡ. ಮನುಷ್ಯನ ಚಿತ್ರದ ಮೇಲೆ ತಲೆಯಿಂದ ಕಾಲಿನವರೆಗೆ ಗೆರೆಗಳನ್ನು ಎಳೆದು, ಗೆರೆಗಳ ಮೇಲೆ ಚುಕ್ಕೆಗಳನ್ನು ಇಟ್ಟ ನಕ್ಷೆಗಳು ಅವನಿಗೆ ದೊರೆತವು.

ಆದರೆ ನಕ್ಷೆಯ ವಿವರಣೆ ಚೀನೀ ಲಿಪಿಯಲ್ಲಿತ್ತು. ಜಪಾನೀ ವೈದ್ಯನೊಬ್ಬ ಅದನ್ನು ಓದಿ ಜಪಾನೀ ಭಾಷೆಯಲ್ಲಿ ಹೇಳಿದ. ದುಭಾಷಿಯೊಬ್ಬ ಅದನ್ನು ತನಗೆ ತಿಳಿದಷ್ಟು ಡಚ್ ಭಾಷೆಯಲ್ಲಿ ಹೇಳಿದ. ಟೆನ್ ರೈನೆ ಅದನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದ. ನೀವು ಸಾಲಾಗಿ ಕುಳಿತು ಒಬ್ಬರ ಕಿವಿಯಲ್ಲಿ ಒಬ್ಬರು ಮಾತು ಹೇಳುವ ಆಟ ಆಡಿದ್ದೀರಲ್ಲ? ಕೊನೆಯವನು ಎದ್ದು ಹೇಳಿದಾಗ ಎಲ್ಲರೂ ನಗುತ್ತಾರೆ. ಇಲ್ಲಿ ಮಾತು ದಾಟಿದ್ದು ಕಿವಿಯಿಂದ ಕಿವಿಗೆ ಮಾತ್ರವಲ್ಲ, ಭಾಷೆಯಿಂದ ಭಾಷೆಗೂ.

1683ರಲ್ಲಿ ಅವನ ಪುಸ್ತಕ ಲಂಡನ್ನಿನಲ್ಲಿ ಅಚ್ಚಾಯಿತು. ಲ್ಯಾಟಿನ್ನಿನಲ್ಲಿ ‘ಅಕುಸ್’ ಎಂದರೆ ಸೂಜಿ, ‘ಪುಂಕ್ತುರಾ’ ಎಂದರೆ ಚುಚ್ಚುವಿಕೆ. ಎರಡನ್ನೂ ಕೂಡಿಸಿ ಅವನು ಬಳಸಿದ ಪದದಿಂದಲೇ ಇಂದಿನ ‘ಅಕ್ಯುಪಂಕ್ಚರ್’ ಬಂದಿದೆ. ಹೆಸರು ಚೆನ್ನಾಗಿಯೇ ಇದೆ. ಗೆರೆಗಳ ವಿಷಯದಲ್ಲಿ ಮಾತ್ರ ಅವನು ಗೊಂದಲಕ್ಕೆ ಬಿದ್ದ. ದೇಹದ ಒಳಗನ್ನು ಕೊಯ್ದು ನೋಡಿ ಕಲಿತ ವೈದ್ಯ ಅವನು. ಮೈಯೊಳಗೆ ಉದ್ದಕ್ಕೆ ಹರಿಯುವುದೆಂದರೆ ರಕ್ತನಾಳವೇ ಇರಬೇಕು ಎಂದು ಭಾವಿಸಿದ. ಗೆರೆಗಳನ್ನು ಅಪಧಮನಿ, ಅಭಿಧಮನಿ ಎಂದೇ ಕರೆದ. ಆದರೆ ನಕ್ಷೆಯಲ್ಲಿ ಗೆರೆ ಇದ್ದ ಕಡೆ ದೇಹದಲ್ಲಿ ರಕ್ತನಾಳ ಇರಲಿಲ್ಲ. ಚೀನೀಯರಿಗೆ ದೇಹದ ರಚನೆ ತಿಳಿಯದು ಎಂದು ಯುರೋಪಿನ ಓದುಗರು ಅಂದುಕೊಳ್ಳಲು ಇದೂ ಕಾರಣವಾಯಿತು.

ಈಗ ಒಂದು ಚಟುವಟಿಕೆ ಮಾಡಿ. ನಿಮ್ಮ ಬಲಗೈಯ ಮೂರು ಬೆರಳುಗಳನ್ನು ಎಡಗೈಯ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬದಿಗೆ ಮೆಲ್ಲಗೆ ಇಡಿ. ಏನೋ ಮಿಡಿಯುತ್ತದೆ, ಅಲ್ಲವೇ? ಅದು ನಾಡಿ. ನಿಮ್ಮನ್ನು ಅದರ ಬಗ್ಗೆ ಹೇಳಲು ಕೇಳಿದರೆ ಏನು ಹೇಳುತ್ತೀರಿ? ತರಗತಿಯಲ್ಲಿ ನಾನು ಈ ಪ್ರಶ್ನೆ ಕೇಳಿದಾಗಲೆಲ್ಲ ಹೆಚ್ಚಿನ ಮಕ್ಕಳು ಎಣಿಸಲು ತೊಡಗುತ್ತಾರೆ. “ಟೀಚರ್, ಎಂಬತ್ತೆರಡು!” ಎನ್ನುತ್ತಾರೆ. ನಾನು ಎಣಿಸಲು ಹೇಳಿಯೇ ಇರುವುದಿಲ್ಲ.

ಚೀನಾದ ವೈದ್ಯನು ನಾಡಿ ನೋಡುವ ಕ್ರಮ ಹಾಗಲ್ಲ. ಅವನು ರೋಗಿಯ ಎರಡೂ ಮಣಿಕಟ್ಟುಗಳಲ್ಲಿ ಮೂರು ಮೂರು ಜಾಗಗಳನ್ನು ಮುಟ್ಟುತ್ತಾನೆ. ಮೊದಲು ಬೆರಳನ್ನು ಹಗುರವಾಗಿ ಇಡುತ್ತಾನೆ, ಆಮೇಲೆ ಒತ್ತಿ ನೋಡುತ್ತಾನೆ. ವೇಗವನ್ನೂ ಗಮನಿಸುತ್ತಾನೆ, ಅದಕ್ಕೆ ಗಡಿಯಾರ ಬೇಡ. ತಾನು ಒಂದು ಸಲ ಉಸಿರು ಎಳೆದು ಬಿಡುವಷ್ಟರಲ್ಲಿ ರೋಗಿಯ ನಾಡಿ ನಾಲ್ಕೈದು ಸಲ ಮಿಡಿದರೆ ಸರಿ ಎಂದು ತಿಳಿಯುತ್ತಾನೆ. ಆದರೆ ಅವನಿಗೆ ವೇಗಕ್ಕಿಂತ ಮುಖ್ಯವಾದುದು ಮಿಡಿತದ ಗುಣ. ಮೇಲೆಯೇ ಸಿಗುವ ನಾಡಿ ‘ತೇಲುವ ನಾಡಿ’, ಒತ್ತಿದರೆ ಮಾತ್ರ ಸಿಗುವುದು ‘ಮುಳುಗಿದ ನಾಡಿ’. ತಟ್ಟೆಯ ಮೇಲೆ ಮುತ್ತುಗಳು ಉರುಳಿದಂತೆ ಬೆರಳಿನ ಕೆಳಗೆ ಜಾರುವುದು ‘ಜಾರು ನಾಡಿ’. ಬಿದಿರನ್ನು ಚೂರಿಯಿಂದ ಹೆರೆದಂತೆ ತಡೆತಡೆದು ಬರುವುದು ‘ಒರಟು ನಾಡಿ’. ಬಿಗಿದ ತಂತಿಯಂತಹ ನಾಡಿಯೂ ಇದೆ. 1564ರಲ್ಲಿ ಲಿ ಷಿಜೆನ್ ಎಂಬ ಪ್ರಸಿದ್ಧ ವೈದ್ಯ ಇಂತಹ 27 ಬಗೆಗಳನ್ನು ಒಂದು ಪುಸ್ತಕದಲ್ಲಿ ವಿವರಿಸಿದ್ದಾನೆ.

ಪೋಲೆಂಡಿನ ಪಾದ್ರಿ ಮಿಖಾಯಿಲ್ ಬೊಯಿಮ್ ಚೀನಾದಲ್ಲಿದ್ದಾಗ ನಾಡಿಶಾಸ್ತ್ರದ ಬರಹಗಳನ್ನು ಲ್ಯಾಟಿನ್‌ಗೆ ಅನುವಾದಿಸಿದ್ದ. ಅವನು 1659ರಲ್ಲಿ ತೀರಿಕೊಂಡ. ಆ ಅನುವಾದಗಳು ಸೇರಿದ ಪುಸ್ತಕವೊಂದನ್ನು ಡಚ್ ಕಂಪೆನಿಯ ವೈದ್ಯ ಆಂಡ್ರಿಯಾಸ್ ಕ್ಲೇಯರ್ 1682ರಲ್ಲಿ ಪ್ರಕಟಿಸಿದ. ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರ್ ಚೀನೀ ನಾಡಿವಿದ್ಯೆಯನ್ನು ಓದಿ ಬೆರಗಾದ. ಚೀನೀಯರು ನಾಡಿಯಿಂದ ಇಷ್ಟೆಲ್ಲ ತಿಳಿಯುತ್ತಾರಾದರೆ ನಾವೂ ಅದನ್ನು ಸರಿಯಾಗಿ ಕಲಿಯಬೇಕು ಎಂದುಕೊಂಡ. ಆದರೆ ‘ಜಾರು’, ‘ಒರಟು’ ಎಂಬ ಮಾತುಗಳನ್ನು ಹಿಡಿಯುವುದು ಹೇಗೆ? ನನ್ನ ಬೆರಳಿಗೆ ಜಾರಿದ್ದು ನಿಮ್ಮ ಬೆರಳಿಗೆ ಜಾರದೆ ಇರಬಹುದು. ಎಣಿಕೆಯಲ್ಲಿ ಆ ತೊಂದರೆ ಇಲ್ಲ. ಅವನು ಸರಿಯಾಗಿ ಒಂದು ನಿಮಿಷ ನಡೆಯುವ ಗಡಿಯಾರವನ್ನು ಮಾಡಿಸಿದ. ‘ವೈದ್ಯನ ನಾಡಿ ಗಡಿಯಾರ’ ಎಂಬ ಅರ್ಥದ ಅವನ ಪುಸ್ತಕ 1707ರಲ್ಲಿ ಹೊರಬಂತು.

ಇದನ್ನು ತಪ್ಪು ಅನುವಾದ ಎನ್ನೋಣವೇ? ನನಗೆ ಹಾಗೆ ಸುಲಭವಾಗಿ ಹೇಳಲು ಮನಸ್ಸಿಲ್ಲ. ಚೀನೀ ವೈದ್ಯರ ಬೆರಳು ಅರಿತದ್ದು ಫ್ಲಾಯರನ ಎಣಿಕೆಯಲ್ಲಿ ಇಲ್ಲ, ನಿಜ. ಆದರೆ ಇಂದು ಯಾವ ಆಸ್ಪತ್ರೆಗೆ ಹೋದರೂ ದಾದಿಯು ಕೈಹಿಡಿದು, ಗಡಿಯಾರ ನೋಡಿ, ನಿಮಿಷಕ್ಕೆ ಇಷ್ಟು ಎಂದು ಬರೆದುಕೊಳ್ಳುತ್ತಾರಲ್ಲ, ಆ ರೂಢಿಗೆ ದಾರಿ ಮಾಡಿಕೊಟ್ಟವರಲ್ಲಿ ಅವನೂ ಒಬ್ಬ.

ಇನ್ನು ಎಲ್ಲಕ್ಕಿಂತ ಕಷ್ಟದ ಪದಕ್ಕೆ ಬರೋಣ. ಅದನ್ನು ‘ಚಿ’ ಎಂದು ಬರೆಯುತ್ತೇನೆ. ಚೀನೀಯರು ಉಚ್ಚರಿಸುವಂತೆ ಮಹಾಪ್ರಾಣ ಹಾಕಿ ಬರೆದರೆ ಅದು ನಮ್ಮ ‘ಛೀ’ ಆಗಿ ನೀವು ನಗುತ್ತೀರಿ! ಈ ಪದವನ್ನು ಬರೆಯುವ ಹಳೆಯ ಚೀನೀ ಅಕ್ಷರದಲ್ಲಿ ಎರಡು ಭಾಗಗಳಿವೆ. ಒಂದು ಆವಿ, ಇನ್ನೊಂದು ಅಕ್ಕಿ. ಕುಚ್ಚಲಕ್ಕಿ ಗಂಜಿ ಬೇಯುವಾಗ ಮಡಕೆಯಿಂದ ಮೇಲೇಳುವ ಆವಿಯನ್ನು ನೆನಪಿಸಿಕೊಳ್ಳಿ. ಅದು ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಮುಖಕ್ಕೆ ಬಿಸಿ ತಾಗುತ್ತದೆ, ಮೂಗಿಗೆ ಪರಿಮಳ ಬರುತ್ತದೆ. 1950ರ ದಶಕದಲ್ಲಿ ಚೀನಾ ಸರಕಾರ ಅಕ್ಷರಗಳನ್ನು ಸರಳಗೊಳಿಸಿತು. ಆಗ ಅಕ್ಕಿಯ ಭಾಗ ಬಿದ್ದುಹೋಗಿ ಆವಿ ಮಾತ್ರ ಉಳಿಯಿತು.

ಚೀನೀ ಭಾಷೆಯಲ್ಲಿ ಈ ಚಿ ಇಲ್ಲದ ಕಡೆಯೇ ಇಲ್ಲ. ‘ಆಕಾಶದ ಚಿ’ ಎಂದರೆ ಹವಾಮಾನ. ‘ಬರಿದು ಚಿ’ ಎಂದರೆ ನಾವು ಉಸಿರಾಡುವ ಗಾಳಿ. ‘ಚಿ ಹುಟ್ಟಿತು’ ಎಂದರೆ ಸಿಟ್ಟು ಬಂತು ಎಂದರ್ಥ. ವೈದ್ಯರು ದೇಹದೊಳಗೆ ಚಿ ಹರಿಯುತ್ತದೆ, ಅದು ಕಡಿಮೆಯಾಗಬಹುದು, ತಡೆಯಾಗಬಹುದು, ತಿರುಗಿ ಮೇಲೆ ಏರಬಹುದು ಎನ್ನುತ್ತಾರೆ. ತೇಗು, ಬಿಕ್ಕಳಿಕೆ, ವಾಂತಿ ಇವೆಲ್ಲ ಕೆಳಗಿಳಿಯಬೇಕಾದ ಚಿ ಮೇಲೇರಿದ್ದರಿಂದ ಎಂಬುದು ಅವರ ವಿವರಣೆ.

ಇದಕ್ಕೆ ಯುರೋಪಿನ ಭಾಷೆಗಳಲ್ಲಿ ಏನೆನ್ನುವುದು? ಗಾಳಿ, ಉಸಿರು, ಆವಿ ಎಂದು ಒಬ್ಬೊಬ್ಬರು ಒಂದೊಂದು ಪದ ಹಾಕಿ ನೋಡಿದರು. ಫ್ರಾನ್ಸಿನ ಜಾರ್ಜ್ ಸೂಲಿಯೆ ದ ಮೊರಾಂ ಎಂಬವರು ಯುವಕರಾಗಿದ್ದಾಗ ಚೀನಾದಲ್ಲಿ ಕೆಲಸ ಮಾಡಿ ಅಲ್ಲಿಯ ಭಾಷೆ ಕಲಿತಿದ್ದರು. 1939ರಲ್ಲಿ ಅವರು ಅಕ್ಯುಪಂಕ್ಚರ್ ಬಗ್ಗೆ ದೊಡ್ಡ ಗ್ರಂಥವೊಂದನ್ನು ಪ್ರಕಟಿಸತೊಡಗಿದರು. ಅದರಲ್ಲಿ ಚಿ ಎಂಬುದಕ್ಕೆ ಅವರು ‘ಶಕ್ತಿ’ ಎಂಬರ್ಥದ ‘ಎನರ್ಜಿ’ ಪದವನ್ನು ಬಳಸಿದರು. ಆ ಪದ ಜನರಿಗೆ ಹಿಡಿಸಿತು. ವಿದ್ಯುತ್ತು, ರೇಡಿಯೋಗಳ ಕಾಲ ಅದು. ದೇಹದಲ್ಲಿಯೂ ತಂತಿಯೊಳಗೆ ಕರೆಂಟು ಹರಿದಂತೆ ಏನೋ ಹರಿಯುತ್ತದೆ ಎಂದು ಕಲ್ಪಿಸಿಕೊಳ್ಳುವುದು ಓದುಗರಿಗೆ ಸುಲಭವಾಯಿತು.

ತೊಂದರೆಯೂ ಅಲ್ಲಿಂದಲೇ ಆರಂಭವಾಯಿತು. ವಿಜ್ಞಾನ ಪಾಠದಲ್ಲಿ ನೀವು ಓದಿದ ‘ಶಕ್ತಿ’ಯನ್ನು ಅಳೆಯಬಹುದು, ಅದಕ್ಕೆ ಜೂಲ್ ಎಂಬ ಮಾನವಿದೆ. ಚಿ ಅಂತಹದಲ್ಲ. ಅದನ್ನು ಯಾವ ಉಪಕರಣವೂ ಇದುವರೆಗೆ ಅಳೆದು ತೋರಿಸಿಲ್ಲ. ‘ಎನರ್ಜಿ’ ಎಂದು ಓದಿದವರಲ್ಲಿ ಕೆಲವರು ಉಪಕರಣ ಹಿಡಿದು ಹುಡುಕಿ ನಿರಾಶರಾದರು. ಇನ್ನು ಕೆಲವರು ಆ ಹೆಸರನ್ನೇ ನಂಬಿ, ಇದು ವಿಜ್ಞಾನವೇ ಒಪ್ಪಿದ ಮಾತು ಎಂದು ಸಾರಿದರು. ಹವಾಮಾನವನ್ನು ‘ಆಕಾಶದ ಎನರ್ಜಿ’ ಎಂದು ಯಾರೂ ಅನುವಾದಿಸುವುದಿಲ್ಲವಷ್ಟೆ? ಕನ್ನಡದಲ್ಲಿ ‘ಪ್ರಾಣ’ ಎಂದು ಹಾಕಬಹುದೆಂದು ನಿಮಗೆ ತೋರಬಹುದು. ನನಗೂ ಒಮ್ಮೆ ಹಾಗೆ ತೋರಿತ್ತು. ಆದರೆ ಪ್ರಾಣ ಎಂದೊಡನೆ ಆ ಪದದ ಜೊತೆ ನಮ್ಮ ಯೋಗಶಾಸ್ತ್ರವೆಲ್ಲ ಬಂದು ಕುಳಿತುಕೊಳ್ಳುತ್ತದೆ. ಗಂಜಿಯ ಆವಿ ಮರೆಯಾಗುತ್ತದೆ. ಇಂದು ಹೆಚ್ಚಿನ ವಿದ್ವಾಂಸರು ಚಿ ಎಂಬುದನ್ನು ಅನುವಾದಿಸದೆ ಹಾಗೆಯೇ ಬಿಡುತ್ತಾರೆ. ಯಿನ್, ಯಾಂಗ್ ಕೂಡ ಹಾಗೆಯೇ ಉಳಿದಿವೆ.

ನಕ್ಷೆಯ ಮೇಲಿನ ಗೆರೆಗಳಿಗೂ ಸೂಲಿಯೆ ದ ಮೊರಾಂ ಅವರೇ ಹೊಸ ಹೆಸರು ಕೊಟ್ಟರು: ‘ಮೆರಿಡಿಯನ್’. ಭೂಪಟದಲ್ಲಿ ನೀವು ನೋಡುವ ರೇಖಾಂಶಕ್ಕೆ ಅಲ್ಲಿಯ ಹೆಸರು ಅದು. ಚೀನೀ ಪದ ‘ಜಿಂಗ್’. ಅದರ ಹಳೆಯ ಅರ್ಥ ಮಗ್ಗದ ಹಾಸು, ಅಂದರೆ ಉದ್ದಕ್ಕೆ ಎಳೆದ ನೂಲು. ಕಾಸರಗೋಡು ಸೀರೆಯನ್ನು ನೇಯುವ ಕೈಮಗ್ಗವನ್ನು ನೋಡಿದವರಿಗೆ ಹಾಸು ಯಾವುದು, ಹೊಕ್ಕು ಯಾವುದು ಎಂದು ಹೇಳಬೇಕಾಗಿಲ್ಲ. ಹಾಸಿನ ನೂಲನ್ನು ಮುಟ್ಟಬಹುದು. ರೇಖಾಂಶ ಭೂಮಿಯ ಮೇಲೆ ಎಲ್ಲಿಯೂ ಇಲ್ಲ, ನಾವು ಎಣಿಸಿಕೊಂಡದ್ದು. ಹೀಗೆ ಒಂದು ನೂಲು ಅನುವಾದದಲ್ಲಿ ಕಾಲ್ಪನಿಕ ಗೆರೆಯಾಯಿತು. ಗೆರೆಯ ಮೇಲಿನ ಜಾಗಗಳನ್ನು ಚೀನೀಯರು ‘ಷುವೆ’ ಎಂದರು. ಗುಹೆ, ಬಿಲ ಎಂದು ಅರ್ಥ. ಯುರೋಪಿನಲ್ಲಿ ಅದು ‘ಬಿಂದು’ವಾಯಿತು. ಒಂದೊಂದು ಗುಹೆಗೂ ಚಂದದ ಹೆಸರಿತ್ತು. ಅಂಗಾಲಿನಲ್ಲಿರುವುದರ ಹೆಸರು ‘ಉಕ್ಕುವ ಬುಗ್ಗೆ’. ಈಗ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 361 ಬಿಂದುಗಳಿಗೂ ಅಕ್ಷರ ಮತ್ತು ಸಂಖ್ಯೆಯ ಗುರುತುಗಳಿವೆ. ಉಕ್ಕುವ ಬುಗ್ಗೆಗೆ ‘ಕೆ.ಐ. 1’. ಬೇರೆ ಬೇರೆ ದೇಶಗಳ ವೈದ್ಯರಿಗೆ ಇದರಿಂದ ಗೊಂದಲ ತಪ್ಪಿದೆ, ಒಪ್ಪಬೇಕು. ಆದರೂ ಬುಗ್ಗೆ ಹೋಗಿ ‘ಕೆ.ಐ. 1’ ಆದದ್ದಕ್ಕೆ ನನಗೆ ಸ್ವಲ್ಪ ಬೇಸರ.

ಅಂಗಗಳ ಹೆಸರಿನಲ್ಲಿ ಬೇರೆ ಬಗೆಯ ಸಮಸ್ಯೆ ಬಂತು. ನಮ್ಮ ಹೊಟ್ಟೆಯ ಎಡಬದಿಯಲ್ಲಿ ಗುಲ್ಮ ಎಂಬ ಅಂಗವಿದೆ. ಪ್ಲೀಹ ಎಂದೂ ಹೇಳುತ್ತಾರೆ. ಅದು ರಕ್ತವನ್ನು ಸೋಸುತ್ತದೆ, ಹಳೆಯ ಕೆಂಪು ರಕ್ತಕಣಗಳನ್ನು ತೆಗೆದುಹಾಕುತ್ತದೆ. ಚೀನೀ ವೈದ್ಯಗ್ರಂಥಗಳಲ್ಲಿ ಇದರ ಹೆಸರು ‘ಪಿ’. ಆದರೆ ಆ ಗ್ರಂಥಗಳು ಪಿಗೆ ಕೊಟ್ಟ ಕೆಲಸ ಬೇರೆ: ತಿಂದ ಅನ್ನದ ಸಾರವನ್ನು ಮೈಗೆಲ್ಲ ಹಂಚುವುದು. “ನಿಮ್ಮ ಗುಲ್ಮ ದುರ್ಬಲವಾಗಿದೆ” ಎಂದು ಚೀನೀ ವೈದ್ಯ ಹೇಳಿದರೆ ಅದರ ಅರ್ಥ ಹಸಿವಿಲ್ಲ, ಊಟ ಮೈಗೆ ಹತ್ತುತ್ತಿಲ್ಲ ಎಂದು. ಅದನ್ನು ಇಂಗ್ಲಿಷಿನಲ್ಲಿ ಕೇಳಿದ ರೋಗಿ ಹೆದರಿ ದೊಡ್ಡ ಆಸ್ಪತ್ರೆಗೆ ಓಡಿಹೋದರೆ ಅಲ್ಲಿಯ ವೈದ್ಯರು ಪರೀಕ್ಷಿಸಿ, “ನಿಮ್ಮ ಗುಲ್ಮಕ್ಕೆ ಏನೂ ಆಗಿಲ್ಲ” ಎನ್ನುತ್ತಾರೆ. ಅಜ್ಜಿ ಮತ್ತು ಉಷ್ಣಮಾಪಕದ ಕಥೆಯೇ ಇಲ್ಲಿಯೂ.

1971ರಲ್ಲಿ ಜೇಮ್ಸ್ ರೆಸ್ಟನ್ ಎಂಬ ಅಮೆರಿಕದ ಪತ್ರಕರ್ತರಿಗೆ ಬೀಜಿಂಗ್‌ನಲ್ಲಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ ನಡೆಯಿತು. ಅನಂತರದ ಹೊಟ್ಟೆನೋವಿಗೆ ಅಲ್ಲಿಯ ವೈದ್ಯರು ಸೂಜಿ ಚುಚ್ಚಿದ್ದನ್ನು ಅವರು ತಮ್ಮ ಪತ್ರಿಕೆಯಲ್ಲಿ ಬರೆದರು. ಅಲ್ಲಿಂದ ಅಮೆರಿಕದಲ್ಲಿ ಈ ವಿದ್ಯೆಯ ಬಗ್ಗೆ ಕುತೂಹಲ ಹೆಚ್ಚಿತು, ಪುಸ್ತಕಗಳೂ ಹೆಚ್ಚಿದವು. ಗುಲ್ಮದ ಸಮಸ್ಯೆಗೆ ಒಬ್ಬೊಬ್ಬ ಲೇಖಕರು ಒಂದೊಂದು ಉಪಾಯ ಹುಡುಕಿದರು. ಅಮೆರಿಕದ ಟೆಡ್ ಕ್ಯಾಪ್ಚಕ್ 1983ರ ತಮ್ಮ ಪುಸ್ತಕದಲ್ಲಿ ಚೀನೀ ಅರ್ಥದ ಅಂಗದ ಹೆಸರುಗಳ ಮೊದಲ ಅಕ್ಷರವನ್ನು ದೊಡ್ಡಕ್ಷರದಲ್ಲಿ ಬರೆದರು. ಸಣ್ಣಕ್ಷರದಲ್ಲಿದ್ದರೆ ಅದು ಸಾಮಾನ್ಯ ಗುಲ್ಮ, ದೊಡ್ಡಕ್ಷರದಲ್ಲಿದ್ದರೆ ಚೀನೀಯರ ಗುಲ್ಮ! ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲ. ಆದ್ದರಿಂದ ಈ ಉಪಾಯ ನಮಗೆ ಒದಗದು. ಜರ್ಮನಿಯ ಮಾನ್‌ಫ್ರೆಡ್ ಪೋರ್ಕರ್ಟ್ ಬೇರೆ ದಾರಿ ಹಿಡಿದರು. ಅಂಗ ಎಂಬ ಮಾತನ್ನೇ ಬಿಟ್ಟು, ‘ವಲಯ’ ಎಂಬರ್ಥದ ಲ್ಯಾಟಿನ್ ಪದದಿಂದ ಹೊಸ ಹೆಸರುಗಳನ್ನು ಕಟ್ಟಿದರು. ಅವು ಬಹಳ ನಿಖರವಾಗಿದ್ದವು, ಆದರೆ ಬಾಯಲ್ಲಿ ನಿಲ್ಲಲಿಲ್ಲ.

ರೋಗಗಳ ಹೆಸರಿನಲ್ಲಿ ನಡೆದ ವಾದ ಇನ್ನೂ ಸ್ವಾರಸ್ಯಕರ. ಕಣ್ಣು ಕೆಂಪಾಗಿ, ಊದಿ, ನೀರು ಸುರಿಯುವ ರೋಗಕ್ಕೆ ನಾವು ಕೆಂಗಣ್ಣು ಎನ್ನುತ್ತೇವೆ. ಮಲಯಾಳದಲ್ಲಿ ಚೆಂಕಣ್ಣು. ಎರಡೂ ಭಾಷೆಗಳು ಕಂಡದ್ದನ್ನೇ ಹೆಸರಾಗಿಸಿವೆ. ಚೀನೀಯರು ಇದನ್ನು ‘ಗಾಳಿ-ಬೆಂಕಿ ಕಣ್ಣು’ ಎನ್ನುತ್ತಾರೆ. ಗಾಳಿಯಂತೆ ಥಟ್ಟನೆ ಬರುತ್ತದೆ, ಬೆಂಕಿಯಂತೆ ಉರಿಯುತ್ತದೆ ಎಂಬ ಭಾವ ಆ ಹೆಸರಿನಲ್ಲಿದೆ. ಬೀಜಿಂಗ್‌ನ ವೈದ್ಯ ಷ್ಯೆ ಜೂಫಾನ್ ಇದನ್ನು ಇಂಗ್ಲಿಷಿಗೆ ತರುವಾಗ ಆಧುನಿಕ ವೈದ್ಯರು ಬಳಸುವ ‘ಕಂಜಂಕ್ಟಿವೈಟಿಸ್’ ಎಂಬ ಪದವನ್ನು ಆರಿಸಿದರು. ಆಸ್ಪತ್ರೆಯಲ್ಲಿ ಎಲ್ಲರಿಗೂ ಒಡನೆ ಅರ್ಥವಾಗಬೇಕಲ್ಲ? ಇಂಗ್ಲೆಂಡಿನ ಭಾಷಾತಜ್ಞ ನೈಜೆಲ್ ವೈಸ್‌ಮನ್ ಒಪ್ಪಲಿಲ್ಲ. ಗಾಳಿಯನ್ನೂ ಬೆಂಕಿಯನ್ನೂ ತೆಗೆದುಹಾಕಿದರೆ, ಗಾಳಿ ಓಡಿಸುವ, ಬೆಂಕಿ ತಣಿಸುವ ಮದ್ದನ್ನು ವೈದ್ಯ ಏಕೆ ಕೊಟ್ಟ ಎಂಬುದು ಓದುಗರಿಗೆ ಹೇಗೆ ತಿಳಿಯಬೇಕು ಎಂದು ಅವರು ವಾದಿಸಿದರು. 1998ರಲ್ಲಿ ಫೆಂಗ್ ಯೆ ಅವರೊಡನೆ ಪ್ರಕಟಿಸಿದ ದೊಡ್ಡ ನಿಘಂಟಿನಲ್ಲಿ ಅವರು ಚೀನೀ ಮಾತನ್ನು ಇದ್ದದ್ದು ಇದ್ದಂತೆ ಇಂಗ್ಲಿಷಿನಲ್ಲಿ ಹೇಳುವ ಕ್ರಮವನ್ನೇ ಅನುಸರಿಸಿದರು.

ಯಾರು ಸರಿ? ನಾನು ವೈಸ್‌ಮನ್ ಅವರ ಕಡೆ. ಆದರೆ ಕಣ್ಣು ಉರಿಯುತ್ತಿರುವ ರೋಗಿಗೆ ಷ್ಯೆ ಅವರ ಪದವೇ ಬೇಗ ನೆರವಾಗಬಹುದು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನಿಲಾ ಕಚೇರಿಯು ಮೂರು ಸಾವಿರಕ್ಕೂ ಹೆಚ್ಚು ಪದಗಳ ಒಂದು ಪಟ್ಟಿಯನ್ನು ಪ್ರಕಟಿಸಿತು. 2022ರಲ್ಲಿ ಸಂಸ್ಥೆಯು ಇನ್ನೊಂದು ಪಟ್ಟಿಯನ್ನು ಹೊರತಂದಿತು. ಚರ್ಚೆ ಮಾತ್ರ ಮುಗಿದಿಲ್ಲ.

ಮಾತು ಒಂದೇ ದಿಕ್ಕಿಗೆ ಸಾಗಿತೆಂದು ತಿಳಿಯಬೇಡಿ. ಜಪಾನಿನ ವೈದ್ಯ ಸುಗಿತಾ ಗೆಂಪಾಕು ಮತ್ತು ಅವನ ಗೆಳೆಯರು ಡಚ್ ಭಾಷೆಯ ಒಂದು ಅಂಗರಚನಾ ಗ್ರಂಥವನ್ನು ಬಹಳ ಕಷ್ಟಪಟ್ಟು ಅನುವಾದಿಸಿ 1774ರಲ್ಲಿ ಪ್ರಕಟಿಸಿದರು. ಅದರಲ್ಲಿ ನರ ಎಂಬ ಅಂಗವಿತ್ತು. ಅದಕ್ಕೆ ಸಮನಾದ ಪದ ಅವರ ವೈದ್ಯದಲ್ಲಿ ಇರಲಿಲ್ಲ. ಆಗ ಅವರು ಚೇತನ ಎಂಬರ್ಥದ ಅಕ್ಷರವನ್ನೂ ಹಾಸು ನೂಲಿನ ‘ಜಿಂಗ್’ ಅಕ್ಷರವನ್ನೂ ಜೋಡಿಸಿ ಹೊಸ ಪದ ಮಾಡಿದರು. ಇಂದು ಜಪಾನಿನಲ್ಲಿಯೂ ಚೀನಾದಲ್ಲಿಯೂ ನರಕ್ಕೆ ಅದೇ ಹೆಸರು.

ಇಷ್ಟೆಲ್ಲ ಪದಗಳ ಜಗಳ ಏಕೆ, ಮದ್ದು ಗುಣವಾದರೆ ಸಾಲದೇ ಎಂದು ನೀವು ಕೇಳಬಹುದು. ಹಾಗಾದರೆ ಬೆಲ್ಜಿಯಂ ದೇಶದಲ್ಲಿ ನಡೆದುದನ್ನು ಕೇಳಿ. 1990ರಿಂದ 1992ರವರೆಗೆ ಬ್ರಸೆಲ್ಸ್ ನಗರದ ಒಂದು ಚಿಕಿತ್ಸಾಲಯದಲ್ಲಿ ತೂಕ ಇಳಿಸಿಕೊಳ್ಳಲು ಬಂದ ಮಹಿಳೆಯರಿಗೆ ಚೀನೀ ಮೂಲಿಕೆ ಸೇರಿಸಿದ ಗುಳಿಗೆಗಳನ್ನು ಕೊಟ್ಟರು. ಅದರಲ್ಲಿ ‘ಹಾನ್ ಫಾಂಗ್‌ಜಿ’ ಎಂಬ ಬೇರು ಇರಬೇಕಿತ್ತು. ಚೀನಾದಲ್ಲಿ ‘ಗುವಾಂಗ್ ಫಾಂಗ್‌ಜಿ’ ಎಂಬ ಇನ್ನೊಂದು ಬೇರೂ ಇದೆ. ಎರಡನ್ನೂ ಬರಿದೇ ಫಾಂಗ್‌ಜಿ ಎಂದು ಕರೆಯುವ ವಾಡಿಕೆ. ಆದರೆ ಗಿಡಗಳು ಬೇರೆ, ಕುಟುಂಬಗಳೂ ಬೇರೆ. ಎರಡನೆಯದರಲ್ಲಿ ಮೂತ್ರಪಿಂಡವನ್ನು ಹಾಳುಮಾಡುವ ಆಮ್ಲವಿದೆ. ಗುಳಿಗೆಯೊಳಗೆ ಹೋದದ್ದು ಆ ಎರಡನೆಯ ಬೇರು. ನೂರಕ್ಕೂ ಹೆಚ್ಚು ಮಹಿಳೆಯರ ಮೂತ್ರಪಿಂಡಗಳಿಗೆ ಹಾನಿಯಾಯಿತು. ಹಲವರಿಗೆ ಬೇರೆಯವರ ಮೂತ್ರಪಿಂಡವನ್ನು ಕಸಿ ಮಾಡಬೇಕಾಯಿತು. ಆ ವಿಷದ ಬೇರಿನ ಕುಲಕ್ಕೆ ಸೇರಿದ ಬಳ್ಳಿ ನಮ್ಮಲ್ಲಿಯೂ ಇದೆ. ಈಶ್ವರಿ ಬಳ್ಳಿ ಎನ್ನುತ್ತಾರೆ. ನೋಡಿ ಗುರುತಿಸಿಕೊಳ್ಳಿ, ಬಾಯಿಗೆ ಹಾಕಬೇಡಿ.

ನಮ್ಮ ಕೇರಳದ ಗಿಡಗಳ ಬಗ್ಗೆ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ‘ಹೊರ್ತುಸ್ ಮಲಬಾರಿಕುಸ್’ ಎಂಬ 12 ಸಂಪುಟಗಳ ಗ್ರಂಥವನ್ನು ಇಲ್ಲಿ ನೆನೆಯಬೇಕು. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಅದನ್ನು ಸಿದ್ಧಪಡಿಸಿದ. ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯರೂ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಕೊಂಕಣಿ ವೈದ್ಯರೂ ಅದಕ್ಕೆ ಮಾಹಿತಿ ಕೊಟ್ಟರು. ಅದರಲ್ಲಿ ಗಿಡದ ಚಿತ್ರವಿದೆ, ವಿವರಣೆ ಲ್ಯಾಟಿನ್ನಿನಲ್ಲಿದೆ. ಆದರೆ ಗಿಡದ ಊರಿನ ಹೆಸರನ್ನು ಬಿಟ್ಟಿಲ್ಲ. ಹೀಗೆ ಹೆಸರೂ ಚಿತ್ರವೂ ಜೊತೆಗಿದ್ದರೆ ಒಂದರ ಬದಲು ಇನ್ನೊಂದು ಬರುವ ಭಯ ಕಡಿಮೆ.

ಈಗ ಇನ್ನೊಂದು ಗಿಡದ ಕಥೆ. 1960ರ ದಶಕದಲ್ಲಿ ವಿಯೆಟ್ನಾಂ ಯುದ್ಧ ನಡೆಯುತ್ತಿದ್ದಾಗ ಕಾಡಿನಲ್ಲಿ ಸೈನಿಕರು ಮಲೇರಿಯಾದಿಂದ ಸಾಯುತ್ತಿದ್ದರು. ಹಳೆಯ ಮದ್ದುಗಳು ನಾಟುತ್ತಿರಲಿಲ್ಲ. ಚೀನಾ ಸರಕಾರವು 1967ರ ಮೇ 23ರಂದು ಹೊಸ ಮದ್ದು ಹುಡುಕುವ ಗುಪ್ತ ಯೋಜನೆಯೊಂದನ್ನು ಆರಂಭಿಸಿತು. 1969ರಲ್ಲಿ ಆ ಕೆಲಸಕ್ಕೆ ಸೇರಿದವರು ತು ಯೂಯೂ ಎಂಬ ವಿಜ್ಞಾನಿ. ಅವರ ತಂಡ ಹಳೆಯ ಗ್ರಂಥಗಳನ್ನು ಓದಿ, ವೈದ್ಯರನ್ನು ವಿಚಾರಿಸಿ ಎರಡು ಸಾವಿರದಷ್ಟು ಮದ್ದುಗಳ ವಿವರ ಕೂಡಿಸಿತು. ಅವುಗಳಲ್ಲಿ ‘ಚಿಂಗ್‌ಹಾವ್’ ಎಂಬ ಗಿಡ ಆಸೆ ಹುಟ್ಟಿಸಿತು. ಆದರೆ ಅದರ ಕಷಾಯ ಒಮ್ಮೆ ಫಲ ಕೊಟ್ಟರೆ ಇನ್ನೊಮ್ಮೆ ಕೊಡುತ್ತಿರಲಿಲ್ಲ.

ತು ಯೂಯೂ ಪುನಃ ಗ್ರಂಥಗಳ ಬಳಿಗೆ ಹೋದರು. ನಾಲ್ಕನೆಯ ಶತಮಾನದ ಗೆ ಹೋಂಗ್ ಎಂಬ ವೈದ್ಯ ಮರುಕಳಿಸುವ ಜ್ವರಕ್ಕೆ ಈ ಗಿಡವನ್ನು ಹೇಳಿದ್ದ. ಒಂದು ಹಿಡಿ ಗಿಡವನ್ನು ನೀರಿನಲ್ಲಿ ನೆನೆಸಿ, ಹಿಂಡಿ, ರಸವನ್ನು ಕುಡಿಯಬೇಕು ಎಂಬುದು ಅವನ ಸೂಚನೆ. ಆ ಸಾಲನ್ನು ಎಷ್ಟೋ ಜನ ಓದಿದ್ದರು. ತು ಯೂಯೂ ಓದಿದಾಗ ಅವರ ಕಣ್ಣು ‘ಹಿಂಡಿ’ ಎಂಬಲ್ಲಿ ನಿಂತಿತು. ಮದ್ದಿನ ಗಿಡವನ್ನು ಕುದಿಸುವುದು ಚೀನೀಯರ ಸಾಮಾನ್ಯ ಕ್ರಮ. ಇಲ್ಲಿ ಕುದಿಸು ಎಂಬ ಮಾತೇ ಇಲ್ಲ! ಬಿಸಿ ತಾಗಿದರೆ ಗಿಡದ ಗುಣ ಕೆಡುತ್ತದೆಯೋ ಏನೋ ಎಂದು ಅವರಿಗೆ ಹೊಳೆಯಿತು. ನೀರಿನ ಬದಲು ಕಡಿಮೆ ಉಷ್ಣತೆಯಲ್ಲೇ ಕುದಿಯುವ ಈಥರ್ ಎಂಬ ದ್ರವವನ್ನು ಬಳಸಿ ಸಾರ ತೆಗೆದರು. 1971ರ ಅಕ್ಟೋಬರಿನಲ್ಲಿ 191ನೆಯ ಮಾದರಿಯನ್ನು ಮಲೇರಿಯಾ ತಗಲಿದ ಇಲಿಗಳಿಗೆ ಕೊಟ್ಟಾಗ ಅವುಗಳ ರಕ್ತದಲ್ಲಿದ್ದ ರೋಗಾಣುಗಳು ಪೂರ್ತಿ ಮಾಯವಾದವು. ಮರುವರ್ಷ ರೋಗಿಗಳಿಗೆ ಕೊಡುವ ಮೊದಲು ತು ಯೂಯೂ ಮತ್ತು ಇಬ್ಬರು ಸಹೋದ್ಯೋಗಿಗಳು ಅದನ್ನು ತಾವೇ ಸೇವಿಸಿ ನೋಡಿದರು.

ಹೆಸರಿನ ಗೋಜಲು ಇಲ್ಲಿಯೂ ತಪ್ಪಲಿಲ್ಲ. ಇಂದಿನ ಚೀನೀ ಸಸ್ಯಶಾಸ್ತ್ರದಲ್ಲಿ ಚಿಂಗ್‌ಹಾವ್ ಎಂಬ ಹೆಸರನ್ನು ಹೊತ್ತ ಗಿಡದಲ್ಲಿ ಈ ಮದ್ದು ಇಲ್ಲ. ಅದು ಇರುವುದು ಅದರ ನೆಂಟನಾದ ‘ಆರ್ಟಿಮೀಸಿಯಾ ಆನುವಾ’ ಎಂಬ ಇನ್ನೊಂದು ಗಿಡದಲ್ಲಿ. ತಂಡದವರು ಗಿಡಗಳನ್ನು ಒಂದೊಂದಾಗಿ ತರಿಸಿ ಪರೀಕ್ಷಿಸಿಯೇ ಇದನ್ನು ಖಚಿತಪಡಿಸಬೇಕಾಯಿತು. 2015ರಲ್ಲಿ ತು ಯೂಯೂ ಅವರಿಗೆ ವೈದ್ಯವಿಜ್ಞಾನದ ನೊಬೆಲ್ ಪ್ರಶಸ್ತಿ ದೊರೆಯಿತು.

ನಮ್ಮ ದೇಶದ ಆರೋಗ್ಯ ಕೇಂದ್ರಗಳಲ್ಲಿಯೂ ಫಾಲ್ಸಿಪಾರಮ್ ಎಂಬ ಅಪಾಯಕಾರಿ ಮಲೇರಿಯಾಕ್ಕೆ ಈ ಮದ್ದಿನ ಬಳಗದ ಗುಳಿಗೆಗಳನ್ನೇ ಕೊಡುತ್ತಾರೆ. ಪೊಟ್ಟಣದ ಮೇಲೆ ‘ಆರ್ಟಿಸುನೇಟ್’ ಎಂದೋ ‘ಆರ್ಟಿಮೀಥರ್’ ಎಂದೋ ಬರೆದಿರುತ್ತದೆ. ಲ್ಯಾಟಿನ್ ಸಸ್ಯನಾಮದಿಂದ ಮಾಡಿದ ಹೆಸರುಗಳು ಅವು. ಚೀನೀ ಮಾತು ಅವುಗಳಲ್ಲಿ ಒಂದೂ ಇಲ್ಲ. ಚೀನಾದಲ್ಲಿ ಮಾತ್ರ ಮೂಲ ಮದ್ದನ್ನು ಈಗಲೂ ‘ಚಿಂಗ್‌ಹಾವ್‌ಸು’ ಎನ್ನುತ್ತಾರೆ. ಚಿಂಗ್‌ಹಾವ್ ಗಿಡದ ಸತ್ವ ಎಂದು ಅದರ ಅರ್ಥ.